ಕ್ಯಾರೆಟ್ ಕಡುಬಿನ ಬೀಳ್ಕೊಡುಗೆ

ತಂಗಿ ಚಿಯಾವೊಗೆ, ಬೀಜಿಂಗ್‌ನಿಂದ ನಿನ್ನ ಅಕ್ಕ ಬರೆಯುವುದು. ಲಕೋಟೆ ಬಿಡಿಸಿ ಓದುವವರಿಗೆ ತೊಂದರೆ ಯಾಕೆಂದು ಕಾರ್ಡಿನಲ್ಲೇ ಬರೆದಿದ್ದೇನೆ.

ಮೊಮ್ಮಗಳು ಲಿಂಗ್ಯುನ್ ಕೆಲಸ ಮಾಡುವ ಪರದೇಶದ ಕಂಪನಿ ಗಂಟುಮೂಟೆ ಕಟ್ಟಿದೆ. ಕಂಪ್ಯೂಟರಿನಲ್ಲಿ ಜನ ಹುಡುಕಿದ್ದನ್ನು ತೋರಿಸುವುದು ಅದರ ಕೆಲಸ. ಸರ್ಕಾರ ಬೇಡವೆಂದದ್ದನ್ನು ಮುಚ್ಚಿಟ್ಟು ಸಾಕಾಯಿತಂತೆ. ಇವಳನ್ನು ಪಕ್ಕದ ಬೀದಿಯ ಕಂಪನಿ ಇಮ್ಮಡಿ ಸಂಬಳಕ್ಕೆ ಕರೆದಿದೆ, ಬೇಡದ ಮಾತು ಅಳಿಸುವುದಕ್ಕೆ. ಇವಳು ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಹೊರಡುವವರಿಗೆ ಕಡುಬು ತಿನ್ನಿಸದೆ ಕಳಿಸುವುದುಂಟೇ? ಹೂರಣ ಮಾಡುವ ಬಗೆ ತಿಳಿಯಲು ಅವಳ ಕಂಪ್ಯೂಟರಿನಲ್ಲಿ "ಕ್ಯಾರೆಟ್" ಹುಡುಕಿಸಿದೆ. ಪರದೆ ಖಾಲಿ!

"ಅಜ್ಜೀ, ನಮ್ಮ ಚೀನೀ ಲಿಪೀಲಿ ಕ್ಯಾರೆಟ್‌ನ ಮೊದಲಕ್ಷರ ಸರ್ಕಾರದ ದೊಡ್ಡವರೊಬ್ರ ಮನೆತನದ ಹೆಸರು. ಅದಕ್ಕೇ ತಡೆದಿದ್ದಾರೆ."

"ಸದ್ಯ, ಅವರ ಹೆಸರು ಅಕ್ಕಿ ಅಂತಿಲ್ವಲ್ಲ! ಉಪವಾಸ ಬೀಳ್ತಿದ್ವಿ."

ಡಬ್ಬಿ ಹಿಡಿದು ಇಬ್ಬರೂ ಕಂಪನಿಗೆ ಹೋದೆವು. ಕಂಪನಿಯನ್ನು ಬೀಳ್ಕೊಡಲೆಂದು ಜನ ಬಾಗಿಲಲ್ಲಿ ಇಟ್ಟುಹೋದ ಹೂವನ್ನು ಕಾವಲಿನವನು ಗುಡಿಸುತ್ತಿದ್ದ.

"ಹೂವಿಡೋಕೆ ಅಪ್ಪಣೆ ಬೇಕು ಅಜ್ಜೀ. ಡಬ್ಬೀಲೇನು?"

"ಕಡುಬು."

"ಒಳಗೇನು ತುಂಬಿದ್ದೀರಿ?"

"ಅದನ್ನ ಬಾಯಿಬಿಟ್ಟು ಹೇಳೋ ಹಾಗಿಲ್ಲಪ್ಪ. ಕಚ್ಚಿ ನೋಡು."

ಆಚೀಚೆ ನೋಡಿ ಎರಡು ನುಂಗಿದ, ಒಳಗೆ ಬಿಟ್ಟ.

ಕಂಪನಿಯ ಮಕ್ಕಳೆಲ್ಲ ಮುತ್ತಿಕೊಂಡು ತಿಂದರು. ಲಿಂಗ್ಯುನ್ ಮಾತ್ರ ಮುಟ್ಟಲಿಲ್ಲ. ಇಲ್ಲೇ ಉಳಿದು ಬೇಡದ ಮಾತು ಅಳಿಸುತ್ತಾಳೆ ಎಂದುಕೊಂಡೆ. ಡಬ್ಬಿಯಲ್ಲಿ ನಾಲ್ಕು ಉಳಿದಾಗ ತಟ್ಟೆ ಒಡ್ಡಿದಳು.

"ಇದು ಹೊರಡೋರಿಗೆ ಕಣೇ," ಎಂದೆ.

"ಗೊತ್ತು, ಹಾಕಜ್ಜೀ."

ನನ್ನ ಮೊಣಕಾಲು ಪರವಾಗಿಲ್ಲ, ಅವಳ ಜೊತೆ ನಿನ್ನಲ್ಲಿಗೆ ಬರಬಲ್ಲೆ. ಬಂದವರಿಗೆ ಬಡಿಸುವ ಶಾವಿಗೆ ಶುಕ್ರವಾರ ನಮ್ಮಿಬ್ಬರಿಗೂ ಬೇಯಿಸು. ಕ್ಯಾರೆಟ್ ಧಾರಾಳವಾಗಿ ಹಾಕು, ಆದರೆ ಯಾರಿಗೂ ಹೇಳಬೇಡ. ಕಾರ್ಡು ತುಂಬಿತು.

ಅಕ್ಕ