ಮೆಟ್ಟಿಲ ಮೇಲಿನ ಕಪ್ಪು

ಗುಬ್ಬಿ, ಸೋಮವಾರ

ಸ್ಟುಡಿಯೋ ಪ್ರದ್ಯುಮ್ನ ಸಾರ್‌ಗೆ ಖುರ್ಷಿದ್ ಪಾಷಾನ ನಮಸ್ಕಾರ.

ಹಳೇ ಚರ್ಚುಗಳ ಆರು ಫೋಟೋಗಳೂ ತುಮಕೂರಿನಿಂದ ಜೋಪಾನವಾಗಿ ಬಂದವು. ಮನೆಯ ಹಾಲ್‌ನಲ್ಲಿ ಹಾಕಿದ್ದೇವೆ, ಚೆನ್ನಾಗಿ ಕಾಣುತ್ತಿವೆ. ನಮಾಜು ಮಾಡುವ ಜಾಗ, ಅಲ್ಲಿ ಮನುಷ್ಯರ ಫೋಟೋ ಹಾಕುವುದಿಲ್ಲ. ಹಾಗಾಗಿ ತೀರಿಕೊಂಡ ನಮ್ಮ ಮಗ ಯಾಸಿರ್‌ನದೂ ಇಲ್ಲ. ಅವನು ಊರೂರು ಸುತ್ತಿ ತೆಗೆದ ಈ ಚರ್ಚುಗಳು ಮಾತ್ರ.

ಒಂದರಲ್ಲಿ ಮೆಟ್ಟಿಲ ಮೇಲೆ ಕಪ್ಪಗೆ ಏನೋ ಬಿದ್ದಿದೆ, ಅಳಿಸಿಬಿಡಿ ಎಂದು ನಾನೇ ನಿಮಗೆ ಹೇಳಿದ್ದೆ. ನೀವು ನೀಟಾಗಿ ಅಳಿಸಿದ್ದೀರಿ. ಅದನ್ನು ಗೋಡೆಗೆ ಹಾಕಿದ ಕೂಡಲೇ ನನ್ನ ಹೆಂಡತಿ ಜೈನಬ್ ಅಲ್ಲೇ ನಿಂತುಬಿಟ್ಟಳು.

"ಇಲ್ಲಿ ಅವನ ನೆರಳಿತ್ತಲ್ರೀ, ಕ್ಯಾಮೆರಾ ಹಿಡ್ಕೊಂಡು ನಿಂತಿದ್ದು. ಎಲ್ಲೋಯ್ತು?"

ಅಳಿಸೋಕೆ ಹೇಳಿದ್ದು ನಾನೇ ಎನ್ನಲು ಬಾಯಿ ಬರಲಿಲ್ಲ. ಸ್ಟುಡಿಯೋದವರ ತಪ್ಪು, ಸರಿ ಮಾಡಿ ಕೊಡ್ತಾರೆ ಅಂದುಬಿಟ್ಟೆ. ಕ್ಷಮಿಸಿ.

ಫೋಟೋಗಳ ಜೊತೆ ನೀವು ವಾಪಸ್ ಕಳಿಸಿದ ನಮ್ಮ ಪೆನ್‌ಡ್ರೈವಿನಲ್ಲೂ ಈಗ ಅಳಿಸಿದ್ದೇ ಇದೆ. ನಿಮ್ಮ ಕಂಪ್ಯೂಟರಿನಲ್ಲಿ ಮೊದಲಿನದು ಎಲ್ಲಾದರೂ ಉಳಿದಿದೆಯೇ, ದಯವಿಟ್ಟು ಹುಡುಕಿ ನೋಡಿ. ಸಿಕ್ಕರೆ ಫೋನ್ ಮಾಡಿ.

ಸಿಗದಿದ್ದರೆ ಮಾಡಬೇಡಿ ಸಾರ್. ಈಗ ನನ್ನ ಫೋನ್ ರಿಂಗಾದರೆ ಓಡಿ ಬಂದು ಎತ್ತುವುದು ಅವಳೇ.

ಇಂತಿ ನಿಮ್ಮ,
ಖುರ್ಷಿದ್ ಪಾಷಾ