ಬಾಳೆಕಂಬಕ್ಕೆ ಸುತ್ತಿದ ಲೈಟಿನ ಸರ

ಮಲ್ಲು,

ಕಮಲಾಪುರದ ಬಸ್ಸಿಗೆ ಹೊಂಟೀನಿ, ಅತ್ತಿ ಮನ್ಯಾಗ ಇವತ್ತೇ ಲಕ್ಷ್ಮೀಪೂಜಾ. ನೀ ಬಂದ ಕೂಡ್ಲೇ ಲೈಟಿನ ಸರದ ಪ್ಲಗ್ ಹಚ್ಚಬ್ಯಾಡ. ನಾನೇ ಕಿತ್ತಿಟ್ಟೀನಿ.

ನೀ ಹೂವು ತರಲಾಕ ಸೂಪರ್ ಮಾರ್ಕೆಟಿಗೆ ಹೋದ ಮ್ಯಾಲ ಅವ್ವ ಮಣೆ ಮ್ಯಾಲ ನಿಂತು ತೋರಣ ಕಟ್ಟಾಕತ್ತಿದ್ದಳು. ಬಾಳೆಕಂಬ ಹಿಡದ ಕೂಡ್ಲೇ ಕೈ ಝುಮ್ ಅಂತು. "ತಾಯಿ ಬಂದಾಳ" ಅಂತ ಕಣ್ಣಾಗ ನೀರು ತಂದು ಕೈ ಮುಗದಳು. ನನಗೂ ಮೈ ಮುಳ್ಳೆದ್ದವು, ನಾನೂ ಮುಗದೆ. ಆಮ್ಯಾಲ ನೋಡಿದ್ರ, ಹಸಿ ಕಂಬಕ್ಕ ನೀ ಸುತ್ತಿದ ಹಳೇ ಸರದ ವೈರು ಇಲಿ ಕಡದದ!

ಅವ್ವ ಬರೇ ನೆಲದ ಮ್ಯಾಲ ನಿಂತಿದ್ದರ? ಒಣಾ ಕಟ್ಟಿಗಿ ಮಣೆ ಇತ್ತಂತ ಉಳದಳು.

ಆ ಸರ ಕಸಕ್ಕ ಹಾಕು. ಹೊಸಾದು ತಂದ್ರ ಒಣಾ ಗ್ವಾಡಿಗೆ ಹಾಕು, ಮಲಗೂ ಮುಂದ ಮರೀದೆ ತಗಿ. ಹಣತಿ ತೋರಣದಿಂದ ದೂರ ಇಡು.

ಅದು ಕರೆಂಟು ಅಂತ ಅವ್ವಗ ತಿಳಿಸಿ ಹೇಳೀನಿ. ಅಕಿ ಮಣೆಗೆ ಕುಂಕುಮ ಹಚ್ಚಿ, "ಹೌದು, ಕಂಬದಾಗ ಕರೆಂಟಿತ್ತು. ಮತ್ತ ನನ್ನ ಕಾಲ ಕೆಳಗ ಇದ್ದಾಕಿ ಯಾರು?" ಅಂದಳು.

ಮಣೆ ಈಗ ದೇವರ ಜಗಲಿ ಮ್ಯಾಲ ಅದ. ಊಟಕ್ಕ ಕೂಡಲಾಕ ಅದನ್ನ ಇಳಸಬ್ಯಾಡ.

ಅಕ್ಕ