ಮೂಲೆ ಮುರಿಯದ ರೊಟ್ಟಿ

ತೊರುನ್, ೧೯ ಜನವರಿ ೧೯೯೨

ಹಲೀನಾಳಿಗೆ, ಮಗಳೆಂದು ಕರೆಯಬಹುದಾದರೆ ಮಗಳಿಗೆ,

ನಿನ್ನ ಕಾಗದ ಬಂದಾಗ ಮೊದಲು ಲಕೋಟೆಯ ಅಂಟು ನೋಡಿದೆ. ಹಬೆಗೆ ಹಿಡಿದು ಬಿಡಿಸಿದ ಗುರುತಿರಲಿಲ್ಲ. ಆದರೂ ನಂಬಲಿಲ್ಲ. ಲುದೆಕ್‌ನ ಮಗಳು ನಲವತ್ತು ವರ್ಷ ಬಿಟ್ಟು ನನ್ನನ್ನೇ ಏಕೆ ಹುಡುಕಬೇಕು? ನಿನ್ನ ಫೋಟೋದಲ್ಲಿ ಅವನ ಅಗಲ ಕಿವಿಗಳನ್ನು ಕಂಡ ಮೇಲೆ ಸುಮ್ಮನಾದೆ. ಆ ಕಮ್ಯುನಿಸ್ಟ್ ಸರ್ಕಾರವೇ ಹೋಯ್ತು, ನಿಮ್ಮ ಅನುಮಾನ ಮಾತ್ರ ಹೋಗ್ಲಿಲ್ಲ ನೋಡಿ, ಅಂತ ನನ್ನ ಹೆಂಡತಿ ತೆಯೋಫಿಲಾ ಗೊಣಗಿದಳು.

ನೀನು ಕೇಳಿದ್ದು ಎರಡು. ಯುದ್ಧದ ಕಾಲಕ್ಕೆ ಇಂಗ್ಲೆಂಡಿನಲ್ಲಿ ಅಪ್ಪ ಹೇಗಿದ್ದರು. ಐವತ್ತೊಂದರಲ್ಲಿ ಈ ದೇಶಕ್ಕೆ ಬಂದು ಹಡಗಿನಿಂದ ಇಳಿದೊಡನೆ ಅವರನ್ನು ಹಿಡಿದುಕೊಟ್ಟವರು ಯಾರು.

ಮೊದಲನೆಯದು ಸುಲಭ. ಅವನು ಬಾಂಬರ್ ವಿಮಾನ ನಡೆಸುತ್ತಿದ್ದ, ನಾನು ಬಾಲದ ಗೂಡಿನಲ್ಲಿ ಮಷಿನ್‌ಗನ್ ಹಿಡಿದು ಕೂರುತ್ತಿದ್ದೆ. ಮೇಲೆ ಹೋದರೆ ಅವನ ದನಿ ಮಾತ್ರ ಕೇಳಿಸುತ್ತಿತ್ತು. ಏ ಸೆವೆರಿನ್, ಇದ್ದೀಯೇನೋ, ಇಲ್ಲ ಬಿದ್ದುಹೋದ್ಯಾ, ಅಂತ ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಿದ್ದ. ಒಮ್ಮೆ ಮರಳುವಾಗ ಎಂಜಿನ್ನಿಗೆ ಬೆಂಕಿ ಹತ್ತಿತು. ಉಳಿದವರೆಲ್ಲ ಧುಮುಕಿದರು. ನನ್ನ ಗೂಡಿನ ಬಾಗಿಲು ಸಿಕ್ಕಿಕೊಂಡಿತ್ತು. ಅವನು ಧುಮುಕದೆ, ಉರಿಯುವ ವಿಮಾನವನ್ನು ಹೊಲಕ್ಕೆ ಇಳಿಸಿದ. ನೀನಿಲ್ದೆ ಇಸ್ಪೀಟಲ್ಲಿ ಯಾರನ್ನ ಸೋಲಿಸ್ಲಿ ಮಾರಾಯ, ಅಂದ.

ಎರಡನೆಯದಕ್ಕೆ ಅಂಚೆಯವನ ಹೆಸರು ಬರೆದೆ, ಹರಿದೆ. ಕೆಳಮನೆಯ ದರ್ಜಿಯ ಹೆಸರು ಬರೆದೆ, ಅದನ್ನೂ ಹರಿದೆ. ನಾನೇ ಕಣಮ್ಮಾ.

ಯುದ್ಧ ಮುಗಿದ ಮೇಲೆ ನಾನು ಊರಿಗೆ ಮರಳಿದೆ, ಅವನು ಅಲ್ಲೇ ಉಳಿದ. ಇಂಗ್ಲೆಂಡಿನಲ್ಲಿದ್ದು ಬಂದವರೆಲ್ಲ ಗೂಢಚಾರರು ಎನ್ನುವ ಕಾಲ ಅದು. ನನ್ನನ್ನು ಎರಡು ಸಲ ಗುಪ್ತ ಪೊಲೀಸರ ಕಚೇರಿಗೆ ಕರೆದೊಯ್ದು ವಿಚಾರಿಸಿದ್ದರು. ಐವತ್ತರ ಕ್ರಿಸ್‌ಮಸ್‌ಗೆ ಹಡಗಿನ ಕೆಲಸದವನೊಬ್ಬ ನಿನ್ನಪ್ಪನ ಕಾಗದ ತಂದುಕೊಟ್ಟ. ಊರಲ್ಲಿ ನಮ್ಮಮ್ಮಂಗೆ ಹುಷಾರಿಲ್ಲ, ಮಾರ್ಚ್‌ನಲ್ಲಿ ಬೇರೆ ಹೆಸರಲ್ಲಿ ಬರ್ತೀನಿ, ಗ್ದಿನಿಯಾ ಬಂದರಲ್ಲಿ ಕಾದಿರು, ಅಂತ. ಅಕ್ಷರ ಅವನದೇ. ಜೊತೆಗೆ ಹಬ್ಬದ ತೆಳು ರೊಟ್ಟಿ. ದೂರದವರಿಗೆ ಕಳಿಸುವಾಗ ನಾವು ಮೂಲೆ ಮುರಿದು ತಿಂದು, ಉಳಿದದ್ದನ್ನು ಲಕೋಟೆಗೆ ಹಾಕುತ್ತೇವೆ, ಒಟ್ಟಿಗೆ ಉಂಡ ಹಾಗೆ. ಇದು ಇಡಿಯಾಗಿತ್ತು.

ಲುದೆಕ್ ಹಾಗೆ ಕಳಿಸುವವನೇ ಅಲ್ಲ. ದೇವರನ್ನೊಪ್ಪದ ಆ ಕಚೇರಿಯವರು ಅಕ್ಷರ ನಕಲು ಮಾಡಿ ರೊಟ್ಟಿಯಲ್ಲಿ ಎಡವಿದ್ದಾರೆ, ಇದು ನನಗೊಡ್ಡಿದ ಬಲೆ ಎಂದುಕೊಂಡೆ. ಮುಚ್ಚಿಟ್ಟರೆ ಜೈಲು. ತೆಯೋಫಿಲಾ ಬಸುರಿ. ಮರುದಿನ ಕಾಗದವನ್ನು ನಾನೇ ಒಯ್ದು ಅವರ ಮೇಜಿನ ಮೇಲಿಟ್ಟೆ. ಅಧಿಕಾರಿ ಎರಡು ಸಲ ಓದಿದ. ಅವನ ಮುಖ ನೋಡಿದಾಗ ತಿಳಿಯಿತು, ಬಲೆಯಲ್ಲ, ಕಾಗದ ಲುದೆಕ್‌ನದೇ. ಅವನಿಗೆ ಅದು ಹೊಸ ಸುದ್ದಿ.

ಜೈಲಿನಲ್ಲಿ ಲುದೆಕ್ ಎರಡನೇ ಚಳಿಗಾಲ ದಾಟಲಿಲ್ಲ. ಮೂಲೆ ಮುರಿದಿದ್ದರೆ ನಂಬುತ್ತಿದ್ದೆನಲ್ಲ ಎಂದು ನಲವತ್ತು ವರ್ಷ ಅವನ ಮೇಲೇ ಸಿಟ್ಟಾಗಿದ್ದೆ. ಈಗ ನೀನು ಬರೆದಿದ್ದೀಯ, ಅಪ್ಪ ಅವಸರದಲ್ಲಿ ಕೆಲಸಕ್ಕೆ ಹೋದರು, ಅಮ್ಮನೇ ಆ ರೊಟ್ಟಿಯನ್ನು ಮುರಿಯದಂತೆ ರಟ್ಟಿನ ನಡುವೆ ಜೋಪಾನವಾಗಿಟ್ಟು ಕಳಿಸಿದರು ಎಂದು. ಇಂಗ್ಲಿಷ್ ಹೆಣ್ಣುಮಗಳು, ಪಾಪ, ಆಕೆಗೆ ನಮ್ಮ ಪದ್ಧತಿ ಹೇಗೆ ತಿಳಿಯಬೇಕು?

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ನಿನ್ನಪ್ಪ ನಂಬಿದ್ದ,
ಸೆವೆರಿನ್

ತಾ.ಕ.: ಅಮ್ಮನಿಗೆ ಇದನ್ನು ಓದಿ ಹೇಳುವಾಗ ರೊಟ್ಟಿಯ ವಿಷಯ ಬಿಟ್ಟುಬಿಡು, ತನ್ನದೇ ತಪ್ಪೆಂದು ಕೊರಗುತ್ತಾರೆ. ಬದಲಿಗೆ ಇದನ್ನು ಓದು. ಐವತ್ತೊಂದರ ಫೆಬ್ರವರಿಯಲ್ಲಿ, ಅವನು ಹೊರಡುವ ಮೊದಲೇ, ಆ ಹಡಗಿನವನು, ಲುದೆಕ್‌ಗೆ ಏನಾದ್ರೂ ಹೇಳ್ಬೇಕಾ, ಅಂತ ನಮ್ಮ ಬಾಗಿಲಿಗೆ ಮತ್ತೆ ಬಂದಿದ್ದ. ಅವನ ಮೇಲೆ ನನಗೆ ಯಾವ ಅನುಮಾನವೂ ಇರಲಿಲ್ಲ, ಹೆದರಿಕೆ ಮಾತ್ರ ಇತ್ತು. ಬರಬೇಡ ಅನ್ನು ಎಂಬ ಒಂದು ಮಾತು ಸಾಕಿತ್ತು. ಏನೂ ಇಲ್ಲ ಅಂದು ಬಾಗಿಲು ಹಾಕಿಕೊಂಡೆ.